26 ದಿನ ಹಳೆಯದಾದ ಪಿಎಚ್‌ಡಿ: ಒಂದು ಪೋಸ್ಟ್‌ಡಾಕ್ ಅರ್ಜಿಯ ಪ್ರಕರಣ

ಇದು ಕರ್ನಾಟಕದ ಒಂದು ರಾಜ್ಯ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಪಡೆದ ಜೀವರಸಾಯನಶಾಸ್ತ್ರದ ಸಂಶೋಧಕಿಯೊಬ್ಬರು ಹೊರದೇಶದಲ್ಲಿ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ಸೀಮಿತ ಅವಧಿಯ ಸಂಶೋಧನಾ ಹುದ್ದೆ, ಹುಡುಕಿದ ಪ್ರಕರಣ. ಗುರುತು ಸಿಗಬಾರದೆಂದು ಊರು, ಕಾಲೇಜು, ಲ್ಯಾಬುಗಳ ಹೆಸರು ಬಿಟ್ಟಿದ್ದೇವೆ, ದಿನಾಂಕಗಳನ್ನು ತುಸು ಸರಿಸಿದ್ದೇವೆ. ದಿನಾಂಕಗಳ ನಡುವಿನ ಅಂತರ ಮಾತ್ರ ಇದ್ದ ಹಾಗೇ ಇದೆ, ಏಕೆಂದರೆ ಇಡೀ ಪ್ರಕರಣ ನಿಂತಿರುವುದು ಆ ಅಂತರದ ಮೇಲೆ. ಅವರನ್ನು ಇಲ್ಲಿ ‘ಅಭ್ಯರ್ಥಿ’ ಎಂದೇ ಕರೆಯುತ್ತೇವೆ.

ಹಿನ್ನೆಲೆ

ಅಭ್ಯರ್ಥಿಯ ಮಹಾಪ್ರಬಂಧ ಮೊಳಕೆ ಕಟ್ಟಿದ ರಾಗಿಯ ಬಗ್ಗೆ. ರಾಗಿಯಲ್ಲಿ ಕಬ್ಬಿಣದ ಅಂಶ ಇದೆ, ಆದರೆ ಫೈಟೇಟ್ ಎಂಬ ಸಂಯುಕ್ತ ಅದನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ಸಿಗದಂತೆ ಮಾಡುತ್ತದೆ. ಮೊಳಕೆ ಬರಿಸಿದರೆ ಕಾಳಿನೊಳಗಿನ ಫೈಟೇಸ್ ಕಿಣ್ವ ಚುರುಕಾಗಿ ಫೈಟೇಟ್ ಒಡೆಯುತ್ತದೆ. 48 ಗಂಟೆ ಮೊಳಕೆ ಬರಿಸಿದಾಗ ಫೈಟೇಟ್ ಮತ್ತು ಕಬ್ಬಿಣದ ಮೋಲಾರ್ ಅನುಪಾತ (ತೂಕದ ಬದಲು ಕಣಗಳ ಸಂಖ್ಯೆಯ ಲೆಕ್ಕದ ಅನುಪಾತ) 12ರ ಆಸುಪಾಸಿನಿಂದ 6ಕ್ಕೆ ಇಳಿಯಿತು ಎಂಬುದು ಮಹಾಪ್ರಬಂಧದ ಮುಖ್ಯ ಫಲಿತಾಂಶ. ಎರಡು ಪ್ರಬಂಧಗಳು ಪ್ರಕಟವಾಗಿದ್ದವು, ಮೂರನೆಯದು ಕರಡಿನಲ್ಲೇ ಕೂತಿತ್ತು.

ಮಹಾಪ್ರಬಂಧ ಸಲ್ಲಿಸಿದ್ದು 2020ರ ಫೆಬ್ರುವರಿಯಲ್ಲಿ. ಕೊರೊನಾ ಬಂದು ಪರೀಕ್ಷಕರ ವರದಿಗಳು ತಡವಾದವು. 2021ರ ಜನವರಿಯಲ್ಲಿ ಆನ್‌ಲೈನ್ ವೈವಾ ನಡೆಯಿತು, ಫೆಬ್ರುವರಿ 18ರಂದು ಕುಲಸಚಿವರ ಕಚೇರಿಯಿಂದ ಪಿಎಚ್‌ಡಿ ಅಧಿಸೂಚನೆ ಹೊರಬಿತ್ತು. ಘಟಿಕೋತ್ಸವ ಆಗಿ ಪದವಿ ಪತ್ರ ಕೈಗೆ ಬಂದದ್ದು 2022ರಲ್ಲಿ. ಹೀಗೆ ನಮ್ಮಲ್ಲಿ ಒಬ್ಬರ ಪಿಎಚ್‌ಡಿಗೆ ವೈವಾ, ಅಧಿಸೂಚನೆ, ಘಟಿಕೋತ್ಸವ ಎಂದು ಮೂರು ದಿನಾಂಕ ಇರುತ್ತವೆ. ನಮ್ಮ ಕಚೇರಿಗಳಲ್ಲಿ ಯಾವುದನ್ನು ಬರೆದರೂ ಯಾರೂ ಕೇಳುವುದಿಲ್ಲ. ಹೊರದೇಶದ ನೇಮಕಾತಿಯಲ್ಲಿ ಕೇಳುತ್ತಾರೆ.

ಮಹಾಪ್ರಬಂಧ ಸಲ್ಲಿಸಿದ ಮೇಲೆ ಅಭ್ಯರ್ಥಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾದರು. 2021ರ ಆಗಸ್ಟಿನಲ್ಲಿ ಮಗು. ಆ ಜೂನ್ 30ರಿಂದ 2022ರ ಮಾರ್ಚ್ 1ರವರೆಗೆ, ಅಂದರೆ ಎಂಟು ತಿಂಗಳು, ಅವರು ಕೆಲಸದಲ್ಲಿ ಇರಲಿಲ್ಲ. ಮರಳಿ ಬಂದು ಪಾಠ ಮುಂದುವರಿಸಿದರು. ವಾರಾಂತ್ಯಗಳಲ್ಲಿ ತಮ್ಮ ಸಹಲೇಖಕರೊಬ್ಬರು ಇದ್ದ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಹೋಗಿ ಬರುತ್ತಿದ್ದರು.

ತೊಂದರೆ ಏನಿತ್ತು

2022ರ ನವೆಂಬರಿನಿಂದ 2023ರ ಡಿಸೆಂಬರ್‌ವರೆಗೆ ಅಭ್ಯರ್ಥಿ ಪೋಸ್ಟ್‌ಡಾಕ್ ಹುದ್ದೆ ಕೇಳಿ 41 ಪ್ರಾಧ್ಯಾಪಕರಿಗೆ ಇಮೇಲ್ ಕಳಿಸಿದ್ದರು. ಉತ್ತರ ಬಂದದ್ದು ಮೂರು. ಆ 41 ಇಮೇಲ್‌ಗಳನ್ನು ಸಾಲಾಗಿ ಇಟ್ಟು ನೋಡಿದರೆ ವ್ಯತ್ಯಾಸ ಇದ್ದದ್ದು ಹೆಸರಿನಲ್ಲಿ ಮಾತ್ರ, ಒಂದೆರಡು ಕಡೆ ಅದೂ ಹಿಂದಿನ ಪ್ರಾಧ್ಯಾಪಕರದೇ ಉಳಿದಿತ್ತು. ‘ಮಾನ್ಯ ಸರ್/ಮೇಡಂ’ ಎಂದು ಶುರು, ‘ನಾನು ಶ್ರದ್ಧೆಯಿಂದ ಕೆಲಸ ಮಾಡುವವಳು, ತಮ್ಮ ಪ್ರತಿಷ್ಠಿತ ಪ್ರಯೋಗಾಲಯದಲ್ಲಿ ಅವಕಾಶ ಕೊಡಬೇಕೆಂದು ವಿನಂತಿ’ ಎಂದು ಮುಕ್ತಾಯ. ಜೊತೆಗೆ ಒಂಬತ್ತು ಪುಟದ ಬಯೋಡೇಟಾ: ತಂದೆಯ ಹೆಸರು, ಎಸ್ಸೆಸ್ಸೆಲ್ಸಿ ಅಂಕ, ಹಾಜರಾದ 23 ವಿಚಾರ ಸಂಕಿರಣಗಳ ಪಟ್ಟಿ, ಕೊನೆಗೆ ‘ಮೇಲೆ ತಿಳಿಸಿದ ವಿವರಗಳು ಸತ್ಯವೆಂದು ಪ್ರಮಾಣೀಕರಿಸುತ್ತೇನೆ’ ಎಂಬ ಘೋಷಣೆ ಮತ್ತು ಸಹಿ. ಪ್ರಕಟಿತ ಪ್ರಬಂಧಗಳು ಆರನೆಯ ಪುಟದಲ್ಲಿ. ಯಾವ ಯಂತ್ರ ನಡೆಸಲು ಬರುತ್ತದೆ, ಯಾವ ವಿಧಾನ ಕೈಗೆ ಹತ್ತಿದೆ ಎಂಬುದು ಎಲ್ಲೂ ಇರಲಿಲ್ಲ.

ನಮ್ಮ ಊರಿನಲ್ಲಿ ಈ ಬಯೋಡೇಟಾ ತಪ್ಪಲ್ಲ. ಅತಿಥಿ ಉಪನ್ಯಾಸಕರ ಕೌನ್ಸೆಲಿಂಗ್‌ಗೆ ಇದೇ ಸರಿ. ಆದರೆ ಪೋಸ್ಟ್‌ಡಾಕ್ ಹುದ್ದೆ ಎನ್ನುವುದು ಪ್ರಾಧ್ಯಾಪಕರು ದಯಪಾಲಿಸುವ ಅವಕಾಶವಲ್ಲ. ಅವರ ಕೈಯಲ್ಲಿ ಒಂದು ಯೋಜನೆ ಇದೆ, ಅದಕ್ಕೆ ಹಣ ಕೊಟ್ಟವರಿದ್ದಾರೆ, ಹಣ ಮುಗಿಯುವ ತಾರೀಖಿದೆ. ಅರ್ಜಿ ಓದುವಾಗ ಅವರ ತಲೆಯಲ್ಲಿ ಇರುವುದು ಒಂದೇ ಲೆಕ್ಕ: ಈ ವ್ಯಕ್ತಿ ಬಂದರೆ 24 ತಿಂಗಳಲ್ಲಿ ನನ್ನ ಯೋಜನೆಯ ಯಾವ ಭಾಗ ಮುಗಿಯುತ್ತದೆ? ಆ 41 ಪತ್ರಗಳಲ್ಲಿ ಒಂದೂ ಈ ಪ್ರಶ್ನೆಗೆ ಉತ್ತರಿಸಿರಲಿಲ್ಲ.

ಬಂದ ಮೂರು ಉತ್ತರಗಳಲ್ಲಿ ಎರಡು ‘ಸದ್ಯ ಹಣವಿಲ್ಲ’ ಎಂಬ ಒಂದು ಸಾಲಿನವು. ಮೂರನೆಯದು ನಿಜವಾದ ಅವಕಾಶ, ಅದು ಕೈತಪ್ಪಿದ ಬಗೆ ಗಮನಿಸಬೇಕಾದ್ದು. 2023ರ ಜುಲೈ ಕೊನೆಯಲ್ಲಿ ಯುರೋಪಿನ ಪ್ರಾಧ್ಯಾಪಕಿಯೊಬ್ಬರು, ‘ನನ್ನ ಬಳಿ ಹುದ್ದೆ ಇಲ್ಲ, ಆದರೆ ಮೇರಿ ಕ್ಯೂರಿ ಫೆಲೋಶಿಪ್‌ಗೆ ಇಬ್ಬರೂ ಸೇರಿ ಅರ್ಜಿ ಹಾಕಬಹುದು, ಅರ್ಧ ಪುಟದಲ್ಲಿ ಒಂದು ಯೋಚನೆ ಬರೆದು ಕಳಿಸಿ’ ಎಂದಿದ್ದರು. ಐರೋಪ್ಯ ಒಕ್ಕೂಟ ಕೊಡುವ ಆ ಫೆಲೋಶಿಪ್‌ನ ಕೊನೆಯ ದಿನ ಆ ವರ್ಷ ಸೆಪ್ಟೆಂಬರ್ 13. ಅರ್ಜಿಯ ಮುಖ್ಯ ಭಾಗ ಹತ್ತು ಪುಟ, ಅಂಕದಲ್ಲಿ ಶೇ. 50 ಸಂಶೋಧನೆಯ ಗುಣಮಟ್ಟಕ್ಕೆ, ಶೇ. 30 ಪರಿಣಾಮಕ್ಕೆ, ಶೇ. 20 ಕಾರ್ಯಯೋಜನೆಗೆ. ಅದನ್ನು ಗಟ್ಟಿಯಾಗಿ ಬರೆಯಲು ಎರಡು ತಿಂಗಳಾದರೂ ಬೇಕು, ಅಂದರೆ ಜುಲೈ ಕೊನೆಯೇ ತಡ. ಅಭ್ಯರ್ಥಿ ಮೂರು ವಾರ ಯೋಚಿಸಿ ತಮ್ಮ ಪಿಎಚ್‌ಡಿಯ 22 ಪುಟದ ಸಿನಾಪ್ಸಿಸ್ (ಸಾರಾಂಶ) ಕಳಿಸಿದರು. ಅರ್ಧ ಪುಟ ಬರೆಯಲು ಹೆದರಿಕೆಯಾಯಿತು, ಇಷ್ಟು ಚಿಕ್ಕದು ಕಳಿಸಿದರೆ ಉಡಾಫೆ ಅಂದುಕೊಳ್ಳುತ್ತಾರೇನೋ ಎಂದು. ಆ ಕಡೆಯಿಂದ ಮತ್ತೆ ಉತ್ತರ ಬರಲಿಲ್ಲ.

ಏನೇನು ಬದಲಿಸಿದರು

2024ರ ಜನವರಿಯಿಂದ ಅಭ್ಯರ್ಥಿ ಸುಮ್ಮನೆ ಇಮೇಲ್ ಕಳಿಸುವುದನ್ನು ನಿಲ್ಲಿಸಿ, ಜಾಹೀರಾತಾದ ಹುದ್ದೆಗಳಿಗೆ ಮಾತ್ರ ಅರ್ಜಿ ಹಾಕಲು ತೀರ್ಮಾನಿಸಿದರು. ಯುರೋಪಿನಲ್ಲಿ ಇವು ಯುರಾಕ್ಸೆಸ್ ತಾಣದಲ್ಲಿ, ನಾರ್ವೆಯವು ಜಾಬ್‌ನಾರ್ಗೆಯಲ್ಲಿ, ಡಚ್ ವಿಶ್ವವಿದ್ಯಾಲಯಗಳವು ಅಕಾಡೆಮಿಕ್ ಟ್ರಾನ್ಸ್‌ಫರ್‌ನಲ್ಲಿ, ಬ್ರಿಟನ್ನಿನವು ಜಾಬ್ಸ್ ಡಾಟ್ ಎಸಿ ಡಾಟ್ ಯುಕೆಯಲ್ಲಿ ಸಿಗುತ್ತವೆ. ಸ್ವೀಡನ್ನಿನಲ್ಲಿ ಪ್ರತಿ ವಿಶ್ವವಿದ್ಯಾಲಯದ ತಾಣದಲ್ಲೇ ಪ್ರಕಟಣೆ ಇರುತ್ತದೆ. ಜಾಹೀರಾತು ಬಂದಿದೆ ಎಂದರೆ ಹಣ ಬಂದಿದೆ ಎಂದು ಅರ್ಥ. ಇದೊಂದೇ ಸೋಸುವಿಕೆಯಿಂದ ಅರ್ಧ ವ್ಯರ್ಥ ಶ್ರಮ ತಪ್ಪಿತು.

ಎರಡನೆಯ ಬದಲಾವಣೆ ಒಂದು ಹಾಳೆ. ಸ್ವೀಡನ್ನಿನ ಒಂದು ಜಾಹೀರಾತು ಓಟ್ಸ್‌ನಲ್ಲಿ ಫೈಟೇಟ್ ಕಡಿಮೆ ಮಾಡಿ ಕಬ್ಬಿಣ ದೇಹಕ್ಕೆ ಸಿಗುವಂತೆ ಮಾಡುವ ಯೋಜನೆಯದು. ಅಲ್ಲಿಯ ಜಾಹೀರಾತುಗಳಲ್ಲಿ ಅರ್ಹತೆಗಳನ್ನು ‘ಇರಲೇಬೇಕು’ ಮತ್ತು ‘ಇದ್ದರೆ ಒಳ್ಳೆಯದು’ ಎಂದು ಎರಡಾಗಿ ಬರೆದಿರುತ್ತಾರೆ. ಅಭ್ಯರ್ಥಿ ಹಾಳೆಯಲ್ಲಿ ಮೂರು ಅಂಕಣ ಎಳೆದರು. ಮೊದಲನೆಯದರಲ್ಲಿ ಜಾಹೀರಾತಿನ ಮಾತು, ಎರಡನೆಯದರಲ್ಲಿ ತಾವು ಮಾಡಿದ ಕೆಲಸ, ಮೂರನೆಯದರಲ್ಲಿ ಅದಕ್ಕೆ ಪುರಾವೆ: ಯಾವ ಪ್ರಬಂಧದ ಯಾವ ಚಿತ್ರ, ಮಹಾಪ್ರಬಂಧದ ಯಾವ ಅಧ್ಯಾಯ. ‘ಇರಲೇಬೇಕು’ ಪಟ್ಟಿಯ ನಾಲ್ಕರಲ್ಲಿ ಮೂರಕ್ಕೆ ಪುರಾವೆ ಸಿಕ್ಕಿತು. ನಾಲ್ಕನೆಯದು, ಆಹಾರ ಜೀರ್ಣವಾಗುವುದನ್ನು ಪ್ರಯೋಗಾಲಯದಲ್ಲಿ ಅನುಕರಿಸುವ ಇನ್ಫೋಜೆಸ್ಟ್ ವಿಧಾನದ ಅನುಭವ: ಲಾಲಾರಸದ ಹಂತ ಎರಡು ನಿಮಿಷ, ಪಿಎಚ್ 3ರಲ್ಲಿ ಜಠರದ ಹಂತ ಎರಡು ಗಂಟೆ, ಪಿಎಚ್ 7ರಲ್ಲಿ ಕರುಳಿನ ಹಂತ ಇನ್ನೆರಡು ಗಂಟೆ ಎಂದು ಪ್ರಯೋಗಾಲಯಗಳೆಲ್ಲ ಒಪ್ಪಿಕೊಂಡು ನಡೆಸುವ ಕ್ರಮ. ಅಭ್ಯರ್ಥಿ ಮಾಡಿದ್ದು ಇದಕ್ಕಿಂತ ಹಳೆಯದಾದ ಪೆಪ್ಸಿನ್–ಪ್ಯಾಂಕ್ರಿಯಾಟಿನ್ ಡಯಾಲಿಸಿಸ್ ವಿಧಾನ. ಹಾಳೆಯಲ್ಲಿ ಅದನ್ನು ಹಾಗೆಯೇ ಬರೆದುಕೊಂಡರು.

ಮೂರನೆಯ ಬದಲಾವಣೆಯನ್ನು ಯಾರೂ ಹೇಳಿಕೊಡಲಿಲ್ಲ, ಅಭ್ಯರ್ಥಿಗೇ ಹೊಳೆದದ್ದು. ಮಹಾಪ್ರಬಂಧದಲ್ಲಿ ಫೈಟೇಟ್ ಅಳೆದದ್ದು ವೇಡ್ ದ್ರಾವಣದಿಂದ, ಅಂದರೆ ಫೆರಿಕ್ ಕ್ಲೋರೈಡ್ ಮತ್ತು ಸಲ್ಫೋಸ್ಯಾಲಿಸಿಲಿಕ್ ಆಮ್ಲದ ಬಣ್ಣ ಎಷ್ಟು ಮಾಸಿತು ಎಂದು 500 ನ್ಯಾನೊಮೀಟರ್‌ನಲ್ಲಿ ನೋಡುವ ಅಗ್ಗದ ವಿಧಾನದಿಂದ. ಮೊಳಕೆಯಲ್ಲಿ ಆರು ಫಾಸ್ಫೇಟಿನ ಫೈಟೇಟ್ ಒಡೆದು ಐದು, ನಾಲ್ಕು ಫಾಸ್ಫೇಟಿನ ತುಣುಕುಗಳಾಗುತ್ತವೆ. ಈ ಬಣ್ಣದ ಪರೀಕ್ಷೆಗೆ ಅವುಗಳ ನಡುವಿನ ವ್ಯತ್ಯಾಸ ಸರಿಯಾಗಿ ಗೊತ್ತಾಗುವುದಿಲ್ಲ. ಸ್ವೀಡನ್ನಿನವರ ಪ್ರಬಂಧಗಳನ್ನು ಓದುವಾಗ ಅವರೆಲ್ಲ ಈ ತುಣುಕುಗಳನ್ನು ಬೇರ್ಪಡಿಸಿ ಅಳೆಯುವ ಅಯಾನ್ ಕ್ರೊಮ್ಯಾಟೊಗ್ರಫಿ ಬಳಸಿದ್ದು ಕಂಡು, ಸಹಲೇಖಕರ ಲ್ಯಾಬಿನ ಡೀಪ್ ಫ್ರೀಜರಿನಲ್ಲಿ ಉಳಿದಿದ್ದ ಹಳೆಯ ಸ್ಯಾಂಪಲ್‌ಗಳಲ್ಲಿ ಆರನ್ನು ತೆಗೆದು ಮತ್ತೆ ಅಳೆಯಿಸಿದರು. ಎರಡು ಶನಿವಾರದ ಕೆಲಸ. ಸಂದರ್ಶನದಲ್ಲಿ ಅದರ ಬೆಲೆ ಗೊತ್ತಾಯಿತು.

ಬಯೋಡೇಟಾ ಎರಡು ಪುಟಕ್ಕೆ ಇಳಿಯಿತು, ಪ್ರಬಂಧಗಳ ಪಟ್ಟಿ ಬೇರೆ ಹಾಳೆಯಾಯಿತು. ತಂದೆಯ ಹೆಸರು, ಜನ್ಮ ದಿನಾಂಕ, ವೈವಾಹಿಕ ಸ್ಥಿತಿ ಹೊರಟುಹೋದವು. ಹೆಸರಿನ ಗೊಂದಲವನ್ನೂ ಇದೇ ಹೊತ್ತಿನಲ್ಲಿ ಸರಿಪಡಿಸಿದ್ದು ಒಳ್ಳೆಯದಾಯಿತು. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಆ ಇನಿಷಿಯಲ್‌ಗಳೇ ಬಿಡಿಸಿಕೊಂಡು ಊರಿನ ಹೆಸರು ಸರ್‌ನೇಮ್ ಆಗಿ ಕೂತಿದೆ, ಪ್ರಬಂಧಗಳಲ್ಲಿ ಮೂರನೆಯ ರೂಪ. ನಮ್ಮ ಕಡೆಯವರಿಗೆ ಇದು ಮಾಮೂಲು. ಸಂಶೋಧಕರಿಗೆ ಗುರುತಿನ ಸಂಖ್ಯೆ ಕೊಡುವ ಆರ್ಕಿಡ್ (ORCID) ತಾಣದ ಖಾತೆಯಲ್ಲಿ ಮೂರೂ ರೂಪಗಳನ್ನು ಸೇರಿಸಿ, ಒಬ್ಬರೇ ವ್ಯಕ್ತಿ ಎಂಬ ನೋಟರಿ ಅಫಿಡವಿಟ್ ಮಾಡಿಸಿಟ್ಟುಕೊಂಡರು.

ಮೊದಲ ತಿರಸ್ಕಾರ, ಮತ್ತು ಅದರೊಳಗಿನ ಉತ್ತರ

ಇಷ್ಟೆಲ್ಲ ಸರಿಮಾಡಿಕೊಂಡು ಹಾಕಿದ ಮೊದಲ ಸ್ವೀಡಿಷ್ ಅರ್ಜಿ ಬೇರೊಂದು ವಿಶ್ವವಿದ್ಯಾಲಯದ್ದು. ಕೊನೆಯ ದಿನ 2024ರ ಮಾರ್ಚ್ 15. ನಾಲ್ಕು ವಾರದಲ್ಲಿ ತಿರಸ್ಕಾರದ ಇಮೇಲ್ ಬಂತು, ಕಾರಣ ಇರಲಿಲ್ಲ. ಹಿಂದಿನ ಅಭ್ಯಾಸದಲ್ಲಿ ಆಗಿದ್ದರೆ ಅದನ್ನೂ 42ನೆಯದೆಂದು ಬರೆದಿಟ್ಟು ಮುಂದೆ ಹೋಗುತ್ತಿದ್ದರು. ಈ ಸಲ ಜಾಹೀರಾತಿನಲ್ಲಿದ್ದ ಸಿಬ್ಬಂದಿ ವಿಭಾಗದ ಅಧಿಕಾರಿಗೆ ಎರಡು ಸಾಲು ಬರೆದು ಕಾರಣ ಕೇಳಿದರು. ಸ್ವೀಡನ್ನಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇಮಕಾತಿಯ ಕಡತ ಸಾರ್ವಜನಿಕ ದಾಖಲೆ. ಕೇಳುವುದು ಅಧಿಕಪ್ರಸಂಗ ಆಗುವುದಿಲ್ಲ. ಮರುದಿನವೇ ಉತ್ತರ: ಅರ್ಜಿಯ ಕೊನೆಯ ದಿನಕ್ಕೆ ನಿಮ್ಮ ಪಿಎಚ್‌ಡಿ ಮೂರು ವರ್ಷಕ್ಕಿಂತ ಹಳೆಯದು, ವಿಶೇಷ ಕಾರಣ ಯಾವುದನ್ನೂ ನೀವು ಹೇಳಿಲ್ಲ.

ಅಲ್ಲಿ ಪೋಸ್ಟ್‌ಡಾಕ್ ಹುದ್ದೆಗೆ, ಕೊನೆಯ ದಿನಕ್ಕೆ ಹಿಂದಿನ ಮೂರು ವರ್ಷದೊಳಗೆ ಪಿಎಚ್‌ಡಿ ಮುಗಿಸಿದವರಿಗೆ ಮೊದಲ ಆದ್ಯತೆ. ಫೆಬ್ರುವರಿ 18ರಿಂದ ಲೆಕ್ಕ ಹಾಕಿದರೆ ಅಭ್ಯರ್ಥಿ 26 ದಿನ ಆಚೆ ಬಿದ್ದಿದ್ದರು. ಆದರೆ ಕಾಯಿಲೆ, ಹೆರಿಗೆ ಮತ್ತು ಮಗುವಿನ ಆರೈಕೆಯ ರಜೆ ಮುಂತಾದ ಕಾರಣಕ್ಕೆ ಕೆಲಸದಿಂದ ದೂರ ಇದ್ದ ಅವಧಿಯನ್ನು ವಿಶೇಷ ಕಾರಣ ಎಂದು ಪರಿಗಣಿಸುತ್ತಾರೆ. ಜಾಹೀರಾತಿನ ಅರ್ಹತೆಯ ಪ್ಯಾರಾದ ಕೊನೆಯ ವಾಕ್ಯದಲ್ಲೇ ಅದು ಬರೆದಿತ್ತು. ಅಭ್ಯರ್ಥಿ ಅದನ್ನು ಓದಿದ್ದರು. ಓದಿಯೂ ಮಗುವಿನ ವಿಷಯ ಬೇಕೆಂದೇ ಮುಚ್ಚಿಟ್ಟಿದ್ದರು.

ಅದಕ್ಕೆ ಕಾರಣವಿದೆ. ಹಿಂದೆ ಎರಡು ಸಂದರ್ಶನಗಳಲ್ಲಿ ‘ಮಗು ಚಿಕ್ಕದಲ್ವಾ, ಯಾರು ನೋಡ್ಕೋತಾರೆ?’ ಎಂದು ಕೇಳಿಸಿಕೊಂಡು ಬಂದವರು ಅವರು. ಹಾಗಾಗಿ ಬಯೋಡೇಟಾದಲ್ಲಿ ‘2020–2023, ಅತಿಥಿ ಉಪನ್ಯಾಸಕಿ’ ಎಂದು ಒಂದೇ ಗೆರೆ ಎಳೆದು ಎಂಟು ತಿಂಗಳ ಬಿಡುವನ್ನು ಅದರಡಿ ಮುಚ್ಚಿದ್ದರು. ಬಿಡುವೇ ಇಲ್ಲದ ಮೇಲೆ ಕಳೆಯಲು ಅವರಿಗಾದರೂ ಏನಿದೆ? ಒಂದು ಕಡೆ ರಕ್ಷಣೆಗೆಂದು ಹಾಕಿದ ಗೆರೆ ಇನ್ನೊಂದು ಕಡೆ ಬಾಗಿಲು ಹಾಕಿತ್ತು.

ಓಟ್ಸ್ ಯೋಜನೆಯ ಕೊನೆಯ ದಿನ ಜೂನ್ 10. ಆ ಹೊತ್ತಿಗೆ ಪಿಎಚ್‌ಡಿಗೆ ಮೂರು ವರ್ಷ ಮೂರು ತಿಂಗಳು 23 ದಿನ. ಎಂಟು ತಿಂಗಳು ಕಳೆದರೆ ಎರಡು ವರ್ಷ ಏಳು ತಿಂಗಳು ಚಿಲ್ಲರೆ. ದಾಖಲೆ ಹೊಂದಿಸುವುದು ಉಳಿಯಿತು. ಘಟಿಕೋತ್ಸವದ ದಿನಾಂಕ ಬರೆದು ಮೂರು ವರ್ಷದೊಳಗೆ ನುಸುಳಿಕೊಳ್ಳುವ ಸಲಹೆಯೂ ಸ್ನೇಹಿತರಿಂದ ಬಂತು. ಅಭ್ಯರ್ಥಿ ಒಪ್ಪಲಿಲ್ಲ, ಸರಿಯಾಗಿಯೇ ಒಪ್ಪಲಿಲ್ಲ: ಅಧಿಸೂಚನೆಯ ಪ್ರತಿ ಲಗತ್ತಿಸಲೇಬೇಕು, ಅದರ ಮೇಲೆ ದಿನಾಂಕ ಇದೆ. ಮೂರೂ ದಿನಾಂಕಗಳನ್ನು ಒಂದರ ಕೆಳಗೊಂದು ಬರೆದು, ಯಾವುದು ಏನೆಂದು ತಿಳಿಸುವ ಅರ್ಧ ಪುಟದ ಟಿಪ್ಪಣಿ ಮಾಡಿದರು.

ಮಗು ಹುಟ್ಟಿದ ಪ್ರಮಾಣಪತ್ರ ಕನ್ನಡ–ಇಂಗ್ಲಿಷ್ ಎರಡರಲ್ಲೂ ಇದ್ದದ್ದರಿಂದ ಅನುವಾದದ ಗೋಜು ಇರಲಿಲ್ಲ. ತೊಡಕಾದದ್ದು ಕಾಲೇಜಿನ ಪತ್ರ. ಅತಿಥಿ ಉಪನ್ಯಾಸಕರನ್ನು ಅವಧಿ ಮುಗಿದಾಗ ಬಿಡುಗಡೆ ಮಾಡುತ್ತಾರೆ, ಮತ್ತೆ ಬೇಕಾದಾಗ ತೆಗೆದುಕೊಳ್ಳುತ್ತಾರೆ. ಹೆರಿಗೆ ರಜೆ ಮಂಜೂರು ಮಾಡಿದ ಆದೇಶ ಎಂಬುದೇ ಕಡತದಲ್ಲಿ ಇರಲಿಲ್ಲ.

‘ಇಲ್ಲದ ರಜೆಗೆ ಸರ್ಟಿಫಿಕೇಟ್ ಹೆಂಗಮ್ಮ ಕೊಡ್ಲಿ? ನಾಳೆ ಆಡಿಟ್‌ನವರು ಕೇಳಿದ್ರೆ?’ ಎಂದರು ಪ್ರಾಂಶುಪಾಲರು.

‘ರಜೆ ಅಂತ ಬರೀಬೇಡಿ ಸರ್. ಯಾವತ್ತಿಂದ ಯಾವತ್ತಿನವರೆಗೆ ಕೆಲಸದಲ್ಲಿ ಇರ್ಲಿಲ್ಲ ಅನ್ನೋದಷ್ಟೇ ಬರೆದುಕೊಡಿ, ಅದು ರಿಜಿಸ್ಟರಿನಲ್ಲೇ ಇದೆ.’

ಹಾಜರಿ ಪುಸ್ತಕ ತರಿಸಿ ನೋಡಿ, ಅವರು ಅಂದೇ ಸಹಿ ಹಾಕಿದರು.

ಅರ್ಜಿ ಪತ್ರ

ಹೊಸ ಪತ್ರ ಒಂದೂಕಾಲು ಪುಟ. ಎರಡನೆಯ ಪ್ಯಾರಾದ ಸಾರವನ್ನು ಕನ್ನಡದಲ್ಲಿ ಕೊಡುತ್ತೇವೆ, ಏಕೆಂದರೆ ಕೆಲಸ ಮಾಡಿದ್ದು ಇದೇ:

‘48 ಗಂಟೆ ಮೊಳಕೆ ಬರಿಸಿದ ರಾಗಿಯಲ್ಲಿ ಫೈಟೇಟ್–ಕಬ್ಬಿಣದ ಅನುಪಾತವನ್ನು 12ರಿಂದ 6ಕ್ಕೆ ಇಳಿಸಿದ್ದೇನೆ. ಕಬ್ಬಿಣ ಚೆನ್ನಾಗಿ ಹೀರಿಕೆಯಾಗಲು ಅದು 1ಕ್ಕಿಂತ ಕೆಳಗೆ ಬರಬೇಕು, ಹಾಗಾಗಿ ನನ್ನ ಕೆಲಸ ಅರ್ಧ ದಾರಿಯಲ್ಲಿ ನಿಂತಿದೆ. ರಾಗಿಯಲ್ಲಿ ಫೈಟೇಸ್ ಇದ್ದೂ ಇಷ್ಟೇ ಆಯಿತು. ಓಟ್ಸ್‌ನಲ್ಲಿ ಆ ಕಿಣ್ವ ಮೊದಲೇ ಕಡಿಮೆ, ಹಬೆ ಕೊಟ್ಟಾಗ ಉಳಿದದ್ದೂ ಹೋಗುತ್ತದೆ. ಆದ್ದರಿಂದ ನಿಮ್ಮ ಯೋಜನೆಯ ಎರಡನೆಯ ಭಾಗದಲ್ಲಿ, ಹಬೆಗೆ ಮೊದಲು ನೆನೆಸುವ ಹಂತದ ಉಷ್ಣತೆ ಮತ್ತು ಪಿಎಚ್ ಗೊತ್ತುಮಾಡುವ ಕೆಲಸವನ್ನು ಮೊದಲ ಆರು ತಿಂಗಳಲ್ಲಿ ಕೈಗೆತ್ತಿಕೊಳ್ಳಬಲ್ಲೆ.’

ಹೊಗಳಿಕೆ ಇಲ್ಲ, ವಿನಂತಿ ಇಲ್ಲ. ತಮ್ಮ ಫಲಿತಾಂಶದ ಕೊರತೆಯನ್ನೇ ಅವರ ಯೋಜನೆಗೆ ಕೊಂಡಿಯಾಗಿಸಿದ್ದು ಈ ಪತ್ರದ ಜಾಣತನ. ಇನ್ಫೋಜೆಸ್ಟ್ ಬಗ್ಗೆ ಒಂದು ವಾಕ್ಯ: ಮಾಡಿಲ್ಲ, ಹಳೆಯ ವಿಧಾನ ಮಾಡಿದ್ದೇನೆ, ಕ್ರಮವನ್ನು ಓದಿ ವ್ಯತ್ಯಾಸ ಗುರುತು ಮಾಡಿಕೊಂಡಿದ್ದೇನೆ. ಮಗುವಿನ ವಿಷಯ ಪತ್ರದ ಕೊನೆಯ ಪ್ಯಾರಾದಲ್ಲಿ, ಎರಡು ಸಾಲು, ಲಗತ್ತುಗಳ ಸಂಖ್ಯೆ ಸಮೇತ.

ರೆಫರಿಗಳ, ಅಂದರೆ ಅಭ್ಯರ್ಥಿಯ ಕೆಲಸದ ಬಗ್ಗೆ ಹೇಳಬಲ್ಲವರ, ವಿಷಯದಲ್ಲಿ ಒಂದು ಎಡವಟ್ಟು ಕೂದಲೆಳೆಯಲ್ಲಿ ತಪ್ಪಿತು. ಗೈಡ್ ನಿವೃತ್ತರಾಗಿದ್ದರು, ವಿಶ್ವವಿದ್ಯಾಲಯದ ಇಮೇಲ್ ನಿಂತುಹೋಗಿತ್ತು, ಜಿಮೇಲ್ ಮಾತ್ರ ಇತ್ತು. ‘ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ’ ಎಂಬುದು ಅವರ ಪದ್ಧತಿ. ಆದರೆ ಸ್ವೀಡನ್ನಿನವರು ಪತ್ರ ಕೇಳಲಿಲ್ಲ, ಹೆಸರು ಮತ್ತು ಫೋನ್ ನಂಬರ್ ಕೇಳಿದರು. ಅಂದರೆ ಗೈಡ್ ಮಾತಾಡಬೇಕು. ಅಭ್ಯರ್ಥಿ ಅವರ ಮನೆಗೆ ಹೋಗಿ ಜಾಹೀರಾತಿನ ಪ್ರತಿ, ಮೂರು ಅಂಕಣದ ಹಾಳೆ ಕೊಟ್ಟು, ಸೋಮವಾರದಿಂದ ಶುಕ್ರವಾರದ ಮಧ್ಯಾಹ್ನಗಳಲ್ಲಿ ಹೊರದೇಶದ ನಂಬರಿನಿಂದ ಕರೆ ಬಂದರೆ ಎತ್ತಬೇಕೆಂದು ಹೇಳಿ ಬಂದರು. ಎರಡನೆಯ ರೆಫರಿಯಾಗಿ ಸಂಸ್ಥೆಯ ಇಮೇಲ್ ಇರುವ ಸಹಲೇಖಕರನ್ನು ಕೊಟ್ಟರು.

ಸಂದರ್ಶನ

ಜುಲೈ ಮೊದಲ ವಾರ ಝೂಮ್‌ನಲ್ಲಿ 45 ನಿಮಿಷ, ಅದರಲ್ಲಿ ಹದಿನೈದು ನಿಮಿಷ ಅಭ್ಯರ್ಥಿಯ ಮಂಡನೆ. ಮೂರನೆಯ ಪ್ರಶ್ನೆಯೇ ತಿರುವು: ‘ನಿಮ್ಮ 12ರಿಂದ 6 ವೇಡ್ ವಿಧಾನದ್ದು. ಅದರಲ್ಲಿ ನಿಜವಾದ ಆರು ಫಾಸ್ಫೇಟಿನ ಫೈಟೇಟ್ ಎಷ್ಟು?’ ಅಭ್ಯರ್ಥಿ ಆರು ಸ್ಯಾಂಪಲ್‌ಗಳ ಮರು ಅಳತೆಯ ಒಂದು ಸ್ಲೈಡ್ ತೆಗೆದರು. ಮೊಳಕೆ ಬರಿಸಿದ ಸ್ಯಾಂಪಲ್‌ಗಳಲ್ಲಿ ಬಣ್ಣದ ವಿಧಾನ ಉಳಿದ ಫೈಟೇಟನ್ನು ಹೆಚ್ಚಾಗಿ ತೋರಿಸಿತ್ತು, ಸಣ್ಣ ತುಣುಕುಗಳೂ ಅದರಲ್ಲಿ ಸೇರಿಕೊಂಡಿದ್ದವು. ‘ಅಂದರೆ ಪ್ರಕಟವಾದ ನನ್ನ ಅಂಕಿ ಪೂರ್ತಿ ಸರಿಯಿಲ್ಲ’ ಎಂದು ಅವರೇ ಹೇಳಿದರು. ಆ ನಂತರದ ಇಪ್ಪತ್ತು ನಿಮಿಷ ಪ್ರಶ್ನೋತ್ತರವಾಗಿ ಉಳಿಯದೆ, ನೆನೆಸುವ ನೀರಿನ ಪಿಎಚ್ ಎಷ್ಟಿರಬೇಕು ಎಂಬ ಚರ್ಚೆಯಾಯಿತು.

ಮಾಸ್ ಸ್ಪೆಕ್ಟ್ರೊಮೀಟರ್ (ಅಣುಗಳ ತೂಕ ಅಳೆದು ಗುರುತಿಸುವ ಯಂತ್ರ) ನಡೆಸಿದ್ದೀರಾ ಎಂದಾಗ ಇಲ್ಲ ಎಂದರು. ಸ್ಯಾಂಪಲ್ ಸಿದ್ಧಮಾಡಿ ಕೊಡುತ್ತಿದ್ದೆ, ಯಂತ್ರ ನಡೆಸುತ್ತಿದ್ದವರು ಬೇರೆ. ಕೆಲವರು ಇಲ್ಲಿ ‘ಹ್ಯಾಂಡ್ಸ್ ಆನ್ ಅನುಭವ ಇದೆ’ ಎಂದು ಬಿಡುತ್ತಾರೆ. ಮುಂದಿನ ಪ್ರಶ್ನೆ ಕಾಲಮ್ ಯಾವುದು, ಅಯಾನೀಕರಣ ಯಾವ ಬಗೆಯದು ಎಂದು ಬರುತ್ತದೆ, ಅಲ್ಲಿಗೆ ಮುಗಿಯಿತು.

ಎರಡು ಪತ್ರಗಳು ಒಟ್ಟಿಗೆ

ಜುಲೈ ಕೊನೆಯಲ್ಲಿ ಸ್ವೀಡನ್ನಿನಿಂದ ಆಯ್ಕೆಯ ಸುದ್ದಿ ಬಂತು. ಅದೇ ವಾರ ಬೆಂಗಳೂರಿನ ಲ್ಯಾಬೊಂದರಿಂದ ರಿಸರ್ಚ್ ಅಸೋಸಿಯೇಟ್–1 ಹುದ್ದೆಯ ಪತ್ರವೂ ಬಂತು. ಕೇಂದ್ರದ 2023ರ ಆದೇಶದಂತೆ ಅದಕ್ಕೆ ತಿಂಗಳಿಗೆ 58,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ಮನೆಯವರಿಗೆ ಬೆಂಗಳೂರೇ ಇಷ್ಟ. ಮೂರು ಗಂಟೆಯ ದಾರಿ, ಅಜ್ಜಿ ಬಂದು ಮಗು ನೋಡಿಕೊಳ್ಳಬಹುದು.

ಅಭ್ಯರ್ಥಿ ಎರಡೂ ಕಡೆಗೆ ಒಂದೇ ಪ್ರಶ್ನೆ ಬರೆದು ಕೇಳಿದರು: ಹಣ ಯಾವ ತಾರೀಖಿನವರೆಗೆ ಇದೆ, ನನ್ನ ಕರಾರು ಯಾವ ತಾರೀಖಿನವರೆಗೆ? ಬೆಂಗಳೂರಿನ ಯೋಜನೆ ಮುಂದಿನ ಮಾರ್ಚ್ 31ಕ್ಕೆ ಮುಗಿಯುತ್ತದೆ, ವಿಸ್ತರಣೆ ಸಿಗುವ ಭರವಸೆ ಇದೆ ಎಂದು ಅಲ್ಲಿಯ ಮುಖ್ಯಸ್ಥರು ಮುಚ್ಚುಮರೆಯಿಲ್ಲದೆ ಹೇಳಿದರು. ಸ್ವೀಡನ್ನಿನದು ಎರಡು ವರ್ಷ, ಪೂರ್ಣಾವಧಿ. ಸೇರುವುದು ತಡವಾದರೂ ಸೇರಿದ ದಿನದಿಂದಲೇ ಎರಡು ವರ್ಷ ಎಂದು ಬರಹದಲ್ಲಿ ಕೊಟ್ಟರು. ಸಂಬಳ ಮೊದಲು 36,500 ಕ್ರೋನಾ ಎಂದಿದ್ದನ್ನು, ಬೋಧನೆಯ ಅನುಭವ ತೋರಿಸಿ ಕೇಳಿದ ಮೇಲೆ 37,500 ಮಾಡಿದರು. ತೆರಿಗೆ ಕಳೆದು ಕೈಗೆ ಬರುವುದು ಸುಮಾರು 29,000. ವಿಶ್ವವಿದ್ಯಾಲಯದ ಮನೆಗೆ 10,500 ಬಾಡಿಗೆ. ಶಿಶುವಿಹಾರದ ಶುಲ್ಕ ಮೊದಲ ಮಗುವಿಗೆ ಕುಟುಂಬದ ಆದಾಯದ ಶೇ. 3ನ್ನು ಮೀರುವಂತಿಲ್ಲ. ಉಳಿತಾಯ ದೊಡ್ಡದಲ್ಲ, ಆದರೆ ಅಜ್ಜಿಯ ಪ್ರಶ್ನೆಗೆ ಉತ್ತರ ಆ ಶಿಶುವಿಹಾರದಲ್ಲಿ ಸಿಕ್ಕಿತು. ಬೆಂಗಳೂರಿನವರಿಗೆ ಎರಡೇ ದಿನದಲ್ಲಿ ಫೋನ್ ಮಾಡಿ ಇಲ್ಲ ಎಂದು ತಿಳಿಸಿದರು. ಸುಮ್ಮನೆ ಕಾಯಿಸಿದ್ದರೆ ಆ ಹುದ್ದೆ ಇನ್ನೊಬ್ಬರಿಗೂ ತಪ್ಪುತ್ತಿತ್ತು.

ಕೊನೆಯ ಎಡವಟ್ಟು

ಸಂಶೋಧಕರ ವಾಸ ಪರವಾನಗಿಗೆ ವಿಶ್ವವಿದ್ಯಾಲಯ ಮತ್ತು ಸಂಶೋಧಕರು ಇಬ್ಬರೂ ಸಹಿ ಮಾಡಿದ ಆತಿಥ್ಯ ಒಪ್ಪಂದ ಬೇಕು. ಅದನ್ನು ಇಟ್ಟುಕೊಂಡು ವಲಸೆ ಇಲಾಖೆಯ ತಾಣದಲ್ಲಿ ಅರ್ಜಿ. ಗಂಡ ಮತ್ತು ಮಗುವಿನದ್ದೂ ಜೊತೆಗೇ ಹಾಕಬಹುದು. ಒಪ್ಪಂದ ಆಗಸ್ಟ್ ಮೊದಲ ವಾರ ಬಂತು. ಆಗ ಗೊತ್ತಾದದ್ದು, ಅಭ್ಯರ್ಥಿಯ ಪಾಸ್‌ಪೋರ್ಟ್‌ಗೆ ಇನ್ನು ಹನ್ನೊಂದೇ ತಿಂಗಳು ಆಯುಸ್ಸು. ಸ್ವೀಡನ್ನಿನ ಪರವಾನಗಿ ಪಾಸ್‌ಪೋರ್ಟಿನ ಅವಧಿಯನ್ನು ದಾಟುವುದಿಲ್ಲ. ಎರಡು ವರ್ಷದ ಕೆಲಸಕ್ಕೆ ಹನ್ನೊಂದು ತಿಂಗಳ ಪರವಾನಗಿ ಎಂದರೆ ಮತ್ತೊಂದು ತೊಡಕೂ ಇದೆ: ಜನಸಂಖ್ಯಾ ನೋಂದಣಿಗೆ, ಅಂದರೆ ಅಲ್ಲಿ ಎಲ್ಲದಕ್ಕೂ ಬೇಕಾದ ವೈಯಕ್ತಿಕ ಸಂಖ್ಯೆಗೆ, ಕನಿಷ್ಠ ಒಂದು ವರ್ಷ ಇರುತ್ತೇನೆಂದು ತೋರಿಸಬೇಕು. ತತ್ಕಾಲ್‌ನಲ್ಲಿ ಹೊಸ ಪಾಸ್‌ಪೋರ್ಟ್ ಮಾಡಿಸಿದರು. ನಂಬರ್ ಬದಲಾಯಿತು, ಒಪ್ಪಂದದಲ್ಲಿ ಹಳೆಯ ನಂಬರ್ ಇತ್ತು, ಅದಕ್ಕೆ ಮತ್ತೆ ಸಹಿ. ಒಟ್ಟು ಮೂರು ವಾರ ಹೋಯಿತು. ಅಕ್ಟೋಬರ್ 1ಕ್ಕೆ ಸೇರಬೇಕಾದವರು ಡಿಸೆಂಬರ್ 2ಕ್ಕೆ ಸೇರಿದರು. ಕರಾರಿನ ಅವಧಿಯನ್ನು ಮೊದಲೇ ಬರಹದಲ್ಲಿ ಪಡೆದಿದ್ದರಿಂದ ಎರಡು ತಿಂಗಳು ಕಳೆದುಕೊಳ್ಳಲಿಲ್ಲ.

ಮೊದಲ ಸಂಬಳ ಡಿಸೆಂಬರ್ 25ರ ಸುಮಾರಿಗೆ. ವೈಯಕ್ತಿಕ ಸಂಖ್ಯೆ, ಗುರುತಿನ ಚೀಟಿ, ಬ್ಯಾಂಕ್ ಖಾತೆ ಒಂದರ ಹಿಂದೆ ಒಂದು ಆಗಬೇಕಾದ್ದರಿಂದ ವಾರಗಟ್ಟಲೆ ಹಿಡಿಯಿತು. ಮೂರು ಟಿಕೆಟ್, ಮೊದಲ ಬಾಡಿಗೆ, ಚಳಿಯ ಬಟ್ಟೆ ಎಲ್ಲ ಸೇರಿ ನಾಲ್ಕೂವರೆ ಲಕ್ಷ ರೂಪಾಯಿ ಕೈಯಿಂದಲೇ ಹಾಕಬೇಕಾಯಿತು.

ಬೇರೆಯವರಿಗೆ ಇದರಿಂದ

ಈ ಪ್ರಕರಣ ಕೇಳಿದವರು ಸಾಮಾನ್ಯವಾಗಿ ಅರ್ಜಿ ಪತ್ರದ ಪ್ರತಿ ಕೇಳುತ್ತಾರೆ. ಅದರಿಂದ ಹೆಚ್ಚಿನ ಉಪಯೋಗವಿಲ್ಲ, ಅದು ಓಟ್ಸ್‌ನ ಆ ಒಂದು ಯೋಜನೆಗೆ ಬರೆದದ್ದು. ಮೂರು ಅಂಕಣದ ಹಾಳೆ ಮಾತ್ರ ಯಾರು ಬೇಕಾದರೂ ಮಾಡಿಕೊಳ್ಳಬಹುದು. ಪುರಾವೆಯ ಅಂಕಣ ಅರ್ಧಕ್ಕಿಂತ ಖಾಲಿ ಇದ್ದರೆ ಆ ಹುದ್ದೆ ಬಿಡುವುದು ಒಳ್ಳೆಯದು.

ದಿನಾಂಕದ ನಿಯಮ ದೇಶದಿಂದ ದೇಶಕ್ಕೆ, ಯೋಜನೆಯಿಂದ ಯೋಜನೆಗೆ ಬೇರೆ. 2023ರ ಮೇರಿ ಕ್ಯೂರಿ ಕರೆಯಲ್ಲಿ ಪಿಎಚ್‌ಡಿಯಿಂದ ಎಂಟು ವರ್ಷದ ಮಿತಿ ಇತ್ತು, ಹೆರಿಗೆ ಮತ್ತಿತರ ಬಿಡುವು ಅದರಲ್ಲಿ ಎಣಿಕೆಯಾಗುತ್ತಿರಲಿಲ್ಲ. ಜೊತೆಗೆ, ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದ ದೇಶಕ್ಕೇ ಅರ್ಜಿ ಹಾಕುವಂತಿರಲಿಲ್ಲ. ನಮ್ಮಲ್ಲಿ ರಾಷ್ಟ್ರೀಯ ಪೋಸ್ಟ್‌ಡಾಕ್ ಫೆಲೋಶಿಪ್ ಎಣಿಸುತ್ತ ಬಂದಿರುವುದು ಪಿಎಚ್‌ಡಿಯ ವಯಸ್ಸನ್ನಲ್ಲ, ಅಭ್ಯರ್ಥಿಯ ವಯಸ್ಸನ್ನು: 35, ಮಹಿಳೆಯರಿಗೆ ಐದು ವರ್ಷ ಸಡಿಲಿಕೆ. ಹಾಗಾಗಿ ಒಂದೇ ಬಯೋಡೇಟಾ ಎಲ್ಲ ಕಡೆಗೂ ಹೊಂದುವುದಿಲ್ಲ. ಬಿಡುವನ್ನು ತೋರಿಸಬೇಕಾದ ಕಡೆ ತೋರಿಸಿ, ಕೇಳದ ಕಡೆ ಸುಮ್ಮನಿರಿ, ಆದರೆ ಇಲ್ಲದ ಸೇವೆಯನ್ನು ಗೆರೆ ಎಳೆದು ತುಂಬಿಸಬೇಡಿ.

ಅತಿಥಿ ಉಪನ್ಯಾಸಕಿಯರು ಹೆಚ್ಚಾಗಿ ಕೇಳಿದ್ದು ಪ್ರಾಂಶುಪಾಲರು ಕೊಟ್ಟ ಪತ್ರವನ್ನು. ಲೆಟರ್‌ಹೆಡ್, ಕಡತ ಸಂಖ್ಯೆ, ದುಂಡು ಮೊಹರು, ಕಾಲೇಜಿನ ಅಧಿಕೃತ ಇಮೇಲ್ ಅದರಲ್ಲಿ ಇದ್ದವು. ಒಕ್ಕಣೆ ಮೂರೇ ವಾಕ್ಯ, ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹೀಗಾಗುತ್ತದೆ: ‘ಶ್ರೀಮತಿ ಇಂಥವರು ನಮ್ಮ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ 30-06-2021ರವರೆಗೆ ಸೇವೆ ಸಲ್ಲಿಸಿ, 01-03-2022ರಂದು ಮರಳಿ ಕರ್ತವ್ಯಕ್ಕೆ ಹಾಜರಾಗಿರುತ್ತಾರೆ. ಈ ನಡುವಿನ ಅವಧಿಯಲ್ಲಿ ಹೆರಿಗೆ ಮತ್ತು ಶಿಶುಪಾಲನೆಯ ಕಾರಣ ಅವರು ಸೇವೆಯಲ್ಲಿ ಇರಲಿಲ್ಲ, ಸಂಭಾವನೆಯನ್ನೂ ಪಡೆದಿಲ್ಲ. ಇದನ್ನು ಹಾಜರಾತಿ ವಹಿಯಂತೆ ದೃಢೀಕರಿಸಲಾಗಿದೆ.’